ಕೇಳದೆ ಬರೆದ ‘ಇಲ್ಲ’



ಕರುಣೆಯಿಂದ ಬರೆದ ಸುಳ್ಳೂ ಸುಳ್ಳು ಸಾಕ್ಷಿಯೇ? ಎಚ್‌.ಐ.ವಿ. ಇರುವವರ ಆರೈಕೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ನಮ್ಮ ದೇಶದಲ್ಲಿ 2004ರಿಂದ ಎಚ್‌.ಐ.ವಿ.ಗೆ ಎ.ಆರ್‌.ಟಿ. ಔಷಧಿಯನ್ನು ಸರ್ಕಾರ ಉಚಿತವಾಗಿ ಕೊಡುತ್ತಿದೆ. ಔಷಧಿಗೆ ಬಂದವರನ್ನು ಪ್ರತಿ ಸಲವೂ ನಾಲ್ಕು ಮಾತು ಕೇಳಬೇಕು: ಕೆಮ್ಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತದೆಯೇ? ಎಚ್‌.ಐ.ವಿ. ಇರುವವರ ಜೀವ ತೆಗೆಯುವುದರಲ್ಲಿ ಕ್ಷಯರೋಗವೇ ಮುಂದು. ಒಂದಕ್ಕೆ ‘ಹೌದು’ ಎಂದರೂ ಕ್ಷಯದ ಪರೀಕ್ಷೆ ಆಗಬೇಕು. ಹೊರಗೆ ಸಾಲು ಉದ್ದವಿದೆಯೆಂದು, ಕೇಳದೆಯೇ ನಾಲ್ಕೂ ಕಡೆ ‘ಇಲ್ಲ’ ಎಂದು ಗುರುತು ಹಾಕಿದರೆ? ಖಾಲಿ ಜಾಗ ಕಂಡ ವೈದ್ಯರು ಮತ್ತೆ ಕೇಳಿಯಾರು. ‘ಇಲ್ಲ’ ಕಂಡವರು ನಂಬಿ ಮುಂದೆ ಹೋಗುತ್ತಾರೆ. ಆದ್ದರಿಂದ ಖಾಲಿ ಬಿಟ್ಟದ್ದೇ ಹೆಚ್ಚು ಪ್ರಾಮಾಣಿಕ.

ಇದು ಅವಸರದ ಸುಳ್ಳು. ಕರುಣೆಯ ಸುಳ್ಳು ಬೇರೆ ಬಗೆಯದು. ನೂರಕ್ಕೆ 95 ಮಾತ್ರೆಗಳಾದರೂ ಹೊಟ್ಟೆ ಸೇರಿರಬೇಕು ಎಂಬುದು ಲೆಕ್ಕ. ದಿನಕ್ಕೊಂದು ಮಾತ್ರೆ ನುಂಗುವವರು 30 ದಿನದಲ್ಲಿ ಎರಡು ಬಿಟ್ಟರೂ ಅದಕ್ಕಿಂತ ಕೆಳಗಿಳಿಯುತ್ತಾರೆ. “ಪಾಪ, ಬೈಸಿಕೊಳ್ಳುತ್ತಾಳೆ” ಎಂದು ನರ್ಸ್ ‘ಪೂರ್ತಿ ನುಂಗಿದ್ದಾಳೆ’ ಎಂದು ಬರೆದರೆನ್ನಿ. ಮುಂದೆ ರಕ್ತದಲ್ಲಿ ವೈರಾಣು ಹೆಚ್ಚಿದಾಗ ವೈದ್ಯರು ಔಷಧಿಯೇ ನಾಟುತ್ತಿಲ್ಲ ಎಂದುಕೊಳ್ಳಬಹುದು. ತಪ್ಪಿದ ಬಸ್ಸು, ಅತ್ತೆಮನೆಯಲ್ಲಿ ಮಾತ್ರೆ ಬಚ್ಚಿಡುವ ಪಾಡು ಯಾರ ಕಣ್ಣಿಗೂ ಬೀಳುವುದಿಲ್ಲ. ಕರುಣೆ ಇದ್ದರೆ ಬೈಯದಿರಬೇಕು, ಕಾರಣ ಕೇಳಬೇಕು, ಬರಹವನ್ನು ಬದಲಿಸಬಾರದು. ಎಂಟನೆಯ ಕಟ್ಟಳೆಯನ್ನು ನಾವು ನ್ಯಾಯಾಲಯಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯುವುದುಂಟು. ಎದುರಿಗಿಲ್ಲದವರ ಬಗ್ಗೆ, ಮುಂದೆ ಓದುವವರಿಗಾಗಿ ಬರೆದಿಡುವ ಮಾತೂ ಸಾಕ್ಷಿಯೇ.

ತಮಿಳುನಾಡಿನ ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ತಮಿಳು ಲಿಪಿಯಲ್ಲಿ ‘ಕ’ಕ್ಕೂ ‘ಗ’ಕ್ಕೂ ಒಂದೇ ಅಕ್ಷರ. ನಮ್ಮ ಗೌರಮ್ಮ ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಕೌರಮ್ಮ ಆದರೂ ಆದಾಳು. ಒಬ್ಬಳೇ ಹೆಂಗಸು ಎರಡು ಕಾರ್ಡುಗಳಲ್ಲಿ ಇಬ್ಬರಾದರೆ, ಒಂದು ಕಾರ್ಡಿನಲ್ಲಿ ಅವಳು ಚಿಕಿತ್ಸೆ ಬಿಟ್ಟವಳಾಗುತ್ತಾಳೆ. ಅದಕ್ಕೇ ಚಿಕಿತ್ಸೆಯ ಪುಸ್ತಕ ಮತ್ತು ನೋಂದಣಿ ಸಂಖ್ಯೆಯನ್ನು ಸದಾ ಜೊತೆಗೆ ಒಯ್ಯಬೇಕು. ‘ರಾತ್ರಿ ಬೆವರುತ್ತದೆಯೇ’ ಎಂಬುದು ಅರ್ಥವಾಗದೆ ತಲೆಯಾಡಿಸಿದರೆ, ಅದನ್ನು ಉತ್ತರವೆಂದು ಬರೆದುಕೊಳ್ಳಲಾಗದು. “ತಿಳಿಯಲಿಲ್ಲ, ಮತ್ತೊಮ್ಮೆ ಹೇಳಿ” ಎನ್ನಲು ನಾವು ನಾಚಬೇಕಿಲ್ಲ.

ಇಷ್ಟೆಲ್ಲ ಆಸ್ಪತ್ರೆಯವರ ಕೆಲಸ, ನಮಗೇನು ಎನ್ನಬಹುದು. ಆದರೆ ಊರಿನ ಬಾಯಿಗೆ ಹೆದರಿದವರು ಸುಳ್ಳು ವಿಳಾಸ ಕೊಡುತ್ತಾರೆ, ಗಂಡನಿಗೆ ಹೇಳಿದ್ದೇನೆ ಎನ್ನುತ್ತಾರೆ, ಬಿಟ್ಟ ಮಾತ್ರೆ ಮರೆಮಾಚುತ್ತಾರೆ. ನರ್ಸ್ ಕೇಳಿದ್ದನ್ನು ಅಕ್ಷರ ತಪ್ಪದೆ ಬರೆದರೂ ಕಾರ್ಡಿನಲ್ಲಿ ಸತ್ಯ ಇರುವುದಿಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌.ಐ.ವಿ. ಮತ್ತು ಏಡ್ಸ್ ಕಾಯಿದೆ, ರೋಗಿಯ ವಿಷಯ ಗುಟ್ಟಾಗಿಡಬೇಕೆನ್ನುತ್ತದೆ. ಕಾರ್ಡಿನೊಳಗೆ ಸತ್ಯ, ಹೊರಗೆ ಮೌನ. ಎರಡೂ ಆ ಒಬ್ಬರ ಒಳಿತಿಗೇ. ಮೌನ ಮುರಿದ ಕಡೆ ಸತ್ಯವೂ ಉಳಿಯದು.

ಆದುದರಿಂದ ಪೂಜೆ ಮುಗಿಸಿ ಹೊರಬಂದಾಗ ಯಾರಾದರೂ “ಇಂಥವರಿಗೆ ಅದು ಇದೆಯಂತೆ” ಎಂದರೆ, ಆ ಮಾತನ್ನು ಅಲ್ಲೇ ನಿಲ್ಲಿಸೋಣ. ಆಸ್ಪತ್ರೆಗೆ ಜೊತೆಯಲ್ಲಿ ಬನ್ನಿ ಎಂದು ಅವರೇ ಕರೆದರೆ ಹೋಗೋಣ. ಭಾಷೆ ತಿಳಿದವರು ಅವರ ಮಾತನ್ನು ಅವರು ಹೇಳಿದಷ್ಟೇ ದಾಟಿಸೋಣ. ನಮ್ಮ ನಡುವೆ ನಿಜ ಹೇಳಿಯೂ ತಲೆಯೆತ್ತಿ ಬಾಳಬಹುದು ಎಂದು ತಿಳಿದವರು, ನರ್ಸ್‌ಗೂ ನಿಜವನ್ನೇ ಹೇಳುತ್ತಾರೆ.