ಇಲ್ಲದ ಪೊಲೀಸರ ಬಿಲ್ಲೆ

ಇಲ್ಲದ ಊರಿಗೆ ದಾರಿ ಕೇಳುವವನನ್ನು ಕಂಡು ನಾವು ನಗುತ್ತೇವೆ. ಇಲ್ಲದ ಊರಿನ ಪೊಲೀಸರಿಗೆ ಭುಜದ ಮೇಲೆ ಎಷ್ಟು ನಕ್ಷತ್ರವೆಂದು ಕೇಳುವವರೂ ಉಂಟು. ಅವರನ್ನು ಕಂಡು ನಗುವಂತಿಲ್ಲ. ಕಲ್ಪಿತ ರಾಜ್ಯವೊಂದನ್ನು ಕಟ್ಟುವ ನಾಟಕಕಾರನಿಗೂ ಸಿನಿಮಾದವನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಹವ್ಯಾಸಿ ನಾಟಕಗಳಿಗೆ ಇಂಥ ಬಿಲ್ಲೆಗಳನ್ನು ನಾನೂ ಬರೆದುಕೊಟ್ಟಿದ್ದೇನೆ. ಅದು ಬರಿಯ ಬಣ್ಣದ ಕೆಲಸವಲ್ಲವೆಂದು ನನ್ನ ಎಣಿಕೆ.

ನಮ್ಮಲ್ಲಿ ಸಬ್ ಇನ್‌ಸ್ಪೆಕ್ಟರಿಗೆ ಎರಡು ನಕ್ಷತ್ರ, ಇನ್‌ಸ್ಪೆಕ್ಟರಿಗೆ ಮೂರು, ಜೊತೆಗೆ ಕೆಂಪು-ನೀಲಿ ಪಟ್ಟಿ. ಇನ್ನೂ ಮೇಲೇರಿದರೆ ಸಿಂಹಲಾಂಛನ; ಅದಕ್ಕೂ ಮೇಲೆ ಅಡ್ಡಡ್ಡ ಇಟ್ಟ ಕತ್ತಿ ಮತ್ತು ದಂಡ. ಈ ವೇಷ ತೊಟ್ಟು ಬೀದಿಯಲ್ಲಿ ಜನರನ್ನು ವಂಚಿಸಹೊರಟವನಿಗೆ ಭಾರತೀಯ ನ್ಯಾಯ ಸಂಹಿತೆಯ 205ನೆಯ ಕಲಮಿನಂತೆ 3 ತಿಂಗಳವರೆಗೆ ಸೆರೆಯಾಗಬಹುದು. ನಟನಿಗೆ ವಂಚಿಸುವ ಉದ್ದೇಶವಿಲ್ಲವಾದ್ದರಿಂದ ಆ ಭಯವಿಲ್ಲ.

ಕಾನೂನು ಬಿಟ್ಟರೂ ನೀತಿಯ ಪ್ರಶ್ನೆ ಬಿಡುವುದಿಲ್ಲ. ಲೆನರ್ಡ್ ಬಿಕ್‌ಮನ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಸಾಮಾನ್ಯ ಉಡುಪಿನವ, ಹಾಲಿನವನ ವೇಷದವ, ಕಾವಲುಗಾರನ ದಿರಸಿನವ, ಹೀಗೆ ಮೂರು ಬಗೆಯವರು ದಾರಿಹೋಕರಿಗೆ ನೆಲದ ಮೇಲಿನ ಚೀಲವನ್ನು ಎತ್ತುವಂಥ ಸಣ್ಣಪುಟ್ಟ ಆಜ್ಞೆಗಳನ್ನಿತ್ತರು. ಕಾವಲುಗಾರನ ಮಾತನ್ನೇ ಹೆಚ್ಚು ಜನ ಕೇಳಿದರು. ಅವನಿಗೆ ಹಾಗೆ ಆಜ್ಞೆ ಮಾಡುವ ಅಧಿಕಾರವೇ ಇರಲಿಲ್ಲ. ದಿರಸನ್ನು ಕಂಡೇ ಬೆನ್ನು ಬಾಗಿತು.

ಕಣ್ಣಿಗೆ ಈ ಪಾಠ ಬೀದಿಯಲ್ಲಿ ಆಗುವಂತೆ ಬೆಳ್ಳಿತೆರೆಯ ಮೇಲೂ ಆಗುತ್ತದೆ. ಆದ್ದರಿಂದ ಕಲ್ಪನೆಯ ಬಿಲ್ಲೆಗೂ ಹೊಣೆಯುಂಟು. ಅದನ್ನು ಬರೆಯುವವರಿಗೆ ಹದ್ದು, ಖಡ್ಗ, ನಕ್ಷತ್ರಗಳ ಮೇಲೆ ಬಲು ಮೋಹ. ಇವೆಲ್ಲ ಕೆಳಗಿನವನು ಯಾರಿಗೆ ಸಲಾಮು ಹೊಡೆಯಬೇಕೆಂದು ಹೇಳುವ ಗುರುತುಗಳು. ಪ್ರಜೆಗೆ ಇವುಗಳಿಂದ ಆದ ಉಪಕಾರವೇನು?

1829ರಲ್ಲಿ ಲಂಡನ್ನಿನ ಹೊಸ ಪೊಲೀಸರಿಗೆ ನೀಲಿ ಕೋಟು ತೊಡಿಸಿದರು. ಕೆಂಪಂಗಿಯ ಸೈನಿಕರೆಂದು ಜನ ಬೆದರಬಾರದಲ್ಲ! ಕೊರಳಪಟ್ಟಿಯ ಮೇಲೆ ಸಂಖ್ಯೆಯನ್ನೂ ಹಾಕಿದರು. ಪೇದೆ ಮಿತಿಮೀರಿದರೆ ಬಡವನೂ ಆ ಸಂಖ್ಯೆ ನೆನಪಿಟ್ಟು ದೂರು ಕೊಡಬಹುದಿತ್ತು. ಡಿ. ಕೆ. ಬಸು ಮೊಕದ್ದಮೆಯಲ್ಲಿ 1996ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ದಸ್ತಗಿರಿ ಮಾಡುವ ಅಧಿಕಾರಿ ತನ್ನ ಹೆಸರು, ಹುದ್ದೆಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಧರಿಸಿರಬೇಕು.

‘ನಮ್ಮ ಕಥೆಯ ರಾಜ್ಯ ದಬ್ಬಾಳಿಕೆಯದು, ಅಲ್ಲಿ ಹೆಸರು ಯಾರಿಗೆ ಬೇಕು?’ ಎನ್ನಬಹುದು. ಒಪ್ಪಿದೆ. ಹಾಗಾದರೆ ಎದೆಯ ಮೇಲೆ ಹೆಸರಿನ ಜಾಗವನ್ನು ಬರಿದಾಗಿಯೇ ಬಿಡಲಿ. ಆ ಬರಿದು ನೋಡುವವನ ಕಣ್ಣಿಗೆ ಚುಚ್ಚಲಿ. ಹತ್ತು ಹದ್ದುಗಳು ಹೇಳಲಾರದ್ದನ್ನು ಅದು ಹೇಳುತ್ತದೆ.

ನಕ್ಷತ್ರವೆಷ್ಟು ಎಂಬುದು ಇಲಾಖೆಯ ಪ್ರಶ್ನೆ. ಹೆಸರೇನು ಎಂಬುದು ಪ್ರಜೆಯ ಪ್ರಶ್ನೆ. ಇಲ್ಲದ ರಾಜ್ಯದಲ್ಲಾದರೂ ಎರಡನೆಯದಕ್ಕೆ ಮೊದಲು ಉತ್ತರ ಸಿಗಲಿ.