ಸಿಡಿಲು, ತೇವ ಮತ್ತು ದೈವ

ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಭರಣಿ, ಕೃತ್ತಿಕೆ ಮಳೆಗಳು ಗುಡುಗು ಸಿಡಿಲಿನೊಡನೆ ಬರುತ್ತವೆ. ಪುನರ್ವಸು, ಪುಷ್ಯದ ಜಡಿಮಳೆ ದಿನಗಟ್ಟಲೆ ಹೊಯ್ದರೂ ಸಿಡಿಲು ಕಡಿಮೆ. ತೇವವೇ ಸಿಡಿಲನ್ನು ಕರೆಯುವುದಾದರೆ ಇದು ತಿರುವುಮುರುವು ಆಗಬೇಕಿತ್ತು. ಕಾರಣ ಅಷ್ಟು ಸರಳವಲ್ಲ. ಆದರೂ ತೋಟದಲ್ಲಿ ಯಾರಾದರೂ ಸಿಡಿಲಿಗೆ ಬಲಿಯಾದರೆ ಊರಿನ ಬಾಯಲ್ಲಿ ಎರಡು ತೀರ್ಪು ಸಿದ್ಧವಾಗಿರುತ್ತವೆ: ‘ಅವನ ಕರ್ಮ’ ಎಂಬುದೊಂದು, ‘ಮರದಡಿ ನಿಂತದ್ದು ಅವನ ತಪ್ಪು’ ಎಂಬುದಿನ್ನೊಂದು. ಮೊದಲನೆಯದು ಎಲ್ಲವನ್ನೂ ದೈವಕ್ಕೆ ಒಪ್ಪಿಸುತ್ತದೆ, ಎರಡನೆಯದು ಎಲ್ಲವನ್ನೂ ಸತ್ತವನ ಮೇಲೆ ಹೇರುತ್ತದೆ. ಎರಡರಲ್ಲೂ ಇರುವ ದೋಷ ಒಂದೇ, ಏಕಾಂತವಾದ, ಅಂದರೆ ಒಂದೇ ಕಾರಣವನ್ನು ಪಟ್ಟಾಗಿ ಹಿಡಿಯುವುದು. ಗಾಳಿಯ ತೇವದಂಥ ಸಾಮಾನ್ಯ ಸಂಗತಿ ಕೂಡ ಸಿಡಿಲಿನ ವಿಷಯದಲ್ಲಿ ಒಂದೇ ಮಾತಿಗೆ ನಿಲ್ಲುವುದಿಲ್ಲ.

ಗಾಳಿ ಮಾಮೂಲಾಗಿ ವಿದ್ಯುತ್ತನ್ನು ಹರಿಯಗೊಡದು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣ, ನೆಲದಿಂದ ಹೊಮ್ಮುವ ರೇಡಾನ್ ಅನಿಲಗಳು ಅದರಲ್ಲಿ ಆಗಾಗ ಒಂಟಿ ಎಲೆಕ್ಟ್ರಾನುಗಳನ್ನು ಬಿಡಿಸುತ್ತಲೇ ಇರುತ್ತವೆ. ಆದರೆ ನೆಲಮಟ್ಟದ ಗಾಳಿಯಲ್ಲಿ ಆಮ್ಲಜನಕದ ಅಣುಗಳು ಅವನ್ನು ಹತ್ತಾರು ನ್ಯಾನೋಸೆಕೆಂಡಿನೊಳಗೆ ಹಿಡಿದುಬಿಡುತ್ತವೆ. ವಿದ್ಯುತ್ ಕ್ಷೇತ್ರ ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟ್ ಮುಟ್ಟಿದರೆ ಹಿಡಿತಕ್ಕಿಂತ ಹುಟ್ಟು ಹೆಚ್ಚಾಗಿ, ಒಂದು ಎಲೆಕ್ಟ್ರಾನ್ ಎರಡಾಗಿ, ಎರಡು ನಾಲ್ಕಾಗಿ, ಗಾಳಿ ಪ್ಲಾಸ್ಮಾ ಆಗುತ್ತದೆ. ಇಲ್ಲಿ ನೀರಾವಿ ನಿಲ್ಲುವುದು ಹಿಡಿಯುವವರ ಪಕ್ಷದಲ್ಲಿ. ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ಅಂಟಿಸುವ ಕೆಲಸಕ್ಕೆ ಅದು ಕೈಜೋಡಿಸುತ್ತದೆ, ಹಾಗಾಗಿ ಆವಿ ಹೆಚ್ಚಿದ ಗಾಳಿಯಲ್ಲಿ ಕಿಡಿ ಹಾರಿಸಲು ಸಾಮಾನ್ಯವಾಗಿ ಹೆಚ್ಚು ವೋಲ್ಟೇಜ್ ಬೇಕು. ಅದೇ ನೀರು ಹನಿಯಾಗಿ ತಂತಿಗೆ ಅಂಟಿದರೆ ಪಕ್ಷ ಬದಲಿಸುತ್ತದೆ. ಹನಿಯ ಚೂಪಿನಲ್ಲಿ ಕ್ಷೇತ್ರ ತೀವ್ರವಾಗಿ ವಿದ್ಯುತ್ ವಿಸರ್ಜನೆ ಬೇಗ ಶುರುವಾಗುತ್ತದೆ. ಗುಡ್ಡ ದಾಟುವ ಹೈಟೆನ್ಷನ್ ತಂತಿಗಳು ಮಂಜಿನಲ್ಲಿ, ಮಳೆಯಲ್ಲಿ ಹೆಚ್ಚು ಸಿರ್ರೆನ್ನುವುದು ಇದರಿಂದಲೇ.

ಕಾವಿನದೂ ಇದೇ ಕಥೆ. ಒತ್ತಡ ಬದಲಾಗದೆ ಗಾಳಿ 10 ಡಿಗ್ರಿಯಿಂದ 35 ಡಿಗ್ರಿಗೆ ಏರಿದರೆ ಸಾಂದ್ರತೆ ಶೇ. 8ರಷ್ಟು ಇಳಿಯುತ್ತದೆ. ಅಣುಗಳು ದೂರವಾದಷ್ಟೂ ಎಲೆಕ್ಟ್ರಾನ್ ಎರಡು ಡಿಕ್ಕಿಗಳ ನಡುವೆ ಹೆಚ್ಚು ಓಡಿ ಹೆಚ್ಚು ಶಕ್ತಿ ಗಳಿಸುತ್ತದೆ, ವಿಸರ್ಜನೆ ಸುಲಭವಾಗುತ್ತದೆ. ಆದರೆ ಬಿಸಿಗಾಳಿ ಹೆಚ್ಚು ಆವಿಯನ್ನೂ ಹೊರಬಲ್ಲದು. ಆಷಾಢದ 20 ಡಿಗ್ರಿಯ ಮಂಜಿನಲ್ಲಿ ಘನಮೀಟರಿಗೆ ಸುಮಾರು 17 ಗ್ರಾಂ ಆವಿ ಇರುತ್ತದೆ. ಶೇ. 57 ಆರ್ದ್ರತೆಯ, 30 ಡಿಗ್ರಿಯ ಏಪ್ರಿಲ್ ಮಧ್ಯಾಹ್ನದಲ್ಲೂ ಇರುವುದು ಅಷ್ಟೇ. ಮೈಗೆ ಒಂದು ಒದ್ದೆ, ಇನ್ನೊಂದು ಒಣ. ಎಲೆಕ್ಟ್ರಾನಿನ ಲೆಕ್ಕದಲ್ಲಿ ಎರಡರ ಆವಿಯೂ ಒಂದೇ. ಏಪ್ರಿಲಿನಲ್ಲಿ ಸಿಡಿಲು ಹೆಚ್ಚಲು ಕಾರಣವೂ ಬೇರೆ ಕಡೆ ಇದೆ. ನೆಲದ ಕಾವು ಮೋಡವನ್ನು ಮಂಜುಗಡ್ಡೆ ಕಟ್ಟುವ ಎತ್ತರಕ್ಕೆ ನೂಕುತ್ತದೆ, ಅಲ್ಲಿ ಹರಳುಗಳ ತಿಕ್ಕಾಟದಲ್ಲಿ ವಿದ್ಯುದಾವೇಶ ಬೇರ್ಪಡುತ್ತದೆ. ಜಡಿಮಳೆಯ ಮೋಡಗಳಿಗೆ ಅಷ್ಟು ಬಲದ ಏರುಗಾಳಿ ಸಿಗುವುದಿಲ್ಲ.

ಹಾಗಾದರೆ ಯಾವ ಮಾತೂ ಖಚಿತವಲ್ಲವೇ ಎಂದು ಕೇಳಬಹುದು. ಖಚಿತವೇ, ಆದರೆ ಷರತ್ತಿನೊಡನೆ. ಹೈವೋಲ್ಟೇಜ್ ಪ್ರಯೋಗಾಲಯಗಳು ಫಲಿತಾಂಶವನ್ನು 20 ಡಿಗ್ರಿ ಉಷ್ಣತೆ, ಘನಮೀಟರಿಗೆ 11 ಗ್ರಾಂ ಆವಿ ಎಂಬ ನೆಲೆಗೆ ತಂದೇ ಹೋಲಿಸುತ್ತವೆ. ಷರತ್ತು ಹೇಳುವುದು ಜಾರಿಕೊಳ್ಳುವುದಲ್ಲ, ನಿಖರವಾಗುವುದು. ಸಕಲೇಶಪುರ, ಆಲೂರುಗಳ ಜಿಲ್ಲೆಯಲ್ಲೇ ಇರುವ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಶಾಸನ ಕೊಂಡಾಡುವ ಜೈನ ಆಚಾರ್ಯ ಸಮಂತಭದ್ರ ‘ಆಪ್ತಮೀಮಾಂಸೆ’ಯಲ್ಲಿ ಈ ಶಿಸ್ತನ್ನು ದೈವ-ಪೌರುಷಗಳಿಗೆ ಅನ್ವಯಿಸಿದ. ಎಲ್ಲವೂ ದೈವದಿಂದಲೇ ಎಂದರೆ ಪ್ರಯತ್ನ ವ್ಯರ್ಥವಾಗುತ್ತದೆ, ಮೋಕ್ಷವೂ ಇಲ್ಲವಾಗುತ್ತದೆ. ಎಲ್ಲವೂ ಪೌರುಷದಿಂದಲೇ ಎಂದರೆ ಪ್ರಯತ್ನಪಟ್ಟವರೆಲ್ಲ ಗೆಲ್ಲಬೇಕಾಗುತ್ತದೆ. ಅವನು ಎರಡನ್ನೂ ಒಪ್ಪಲಿಲ್ಲ. ಇದರಿಂದ ಅವನಿಗೆ ಎಲೆಕ್ಟ್ರಾನ್ ಗೊತ್ತಿತ್ತು ಎಂದಾಗುವುದಿಲ್ಲ. ಕಾರಣಗಳ ಬಗ್ಗೆ ಹೇಗೆ ಮಾತಾಡಬೇಕೆಂದು ಅವನಿಗೆ ಗೊತ್ತಿತ್ತು, ಅಷ್ಟೇ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಬುದ್ಧಿಪೂರ್ವಕವಲ್ಲದೆ ಒದಗಿದ ಒಳಿತು ಕೆಡುಕುಗಳನ್ನು ಸಮಂತಭದ್ರನೇ ದೈವಕ್ಕೆ ಬಿಡುತ್ತಾನಲ್ಲ, ಸಿಡಿಲನ್ನು ಯಾರು ಬಯಸಿ ತಂದುಕೊಂಡಾರು? ನಿಜ. ಆದರೆ ಬುದ್ಧಿಪೂರ್ವಕ ಯಾವುದು, ಯಾವುದಲ್ಲ ಎಂಬ ಗಡಿ ನಿಂತಲ್ಲೇ ನಿಲ್ಲುವುದಿಲ್ಲ. ತಿಳಿವಳಿಕೆ ಬೆಳೆದಂತೆ ಅದು ಸರಿಯುತ್ತದೆ. ಯಾವ ಕ್ಷಣ, ಯಾವ ಒಂಟಿ ಎಲೆಕ್ಟ್ರಾನ್ ಕಿಡಿಗೆ ಮೊದಲಾಗುತ್ತದೆಂದು ಇಂದಿಗೂ ಹೇಳಲಾಗದು. ಆ ಪಾಲನ್ನು ದೈವ ಎನ್ನುವವರ ಜೊತೆ ಜಗಳವಿಲ್ಲ. ಏಪ್ರಿಲ್-ಮೇ ಮಧ್ಯಾಹ್ನದ ಮೋಡ, ಎತ್ತರದ ಸಿಲ್ವರ್ ಮರ, ಬಯಲಾದ ದಿಬ್ಬ ಅಪಾಯಕಾರಿ ಎಂಬುದು ಮಾತ್ರ ಈಗ ತಿಳಿದ ಸಂಗತಿ, ಹಾಗಾಗಿ ಪೌರುಷದ ಪಾಲು. ಆ ಪೌರುಷವೂ ಸತ್ತವನೊಬ್ಬನದಲ್ಲ. ದಿನಗೂಲಿಯವನು ತನ್ನಿಷ್ಟಕ್ಕೆ ಕೆಲಸ ಬಿಟ್ಟು ಏಳಲಾರ. ಗುಡುಗು ಕೇಳಿದೊಡನೆ ಆಳುಗಳನ್ನು ಗಟ್ಟಿ ಕಟ್ಟಡದೊಳಗೆ ಕಳಿಸಬೇಕೆಂದು ತಿಳಿದೂ ಕಳಿಸದಿದ್ದವರಿಗೆ ಆ ಸಾವನ್ನು ಕರ್ಮದ ಲೆಕ್ಕಕ್ಕೆ ಬರೆಯುವ ಹಕ್ಕಿಲ್ಲ.