ದಂಡವೋ, ಬಾಡಿಗೆಯೋ?

ಗ್ರಂಥಾಲಯದ ಪುಸ್ತಕವನ್ನು ತಡವಾಗಿ ಹಿಂದಿರುಗಿಸಿದರೂ ದಂಡ, ಕೆರೆಗೆ ಕೊಳಚೆ ಬಿಟ್ಟರೂ ದಂಡ. ಪದ ಒಂದೇ. ಆದರೆ ಮೊದಲನೆಯದರಲ್ಲಿ ಪುಸ್ತಕ ಕಪಾಟಿಗೆ ಮರಳಿರುತ್ತದೆ. ಎರಡನೆಯದರಲ್ಲಿ ಕೆರೆ ಮರಳುತ್ತದೆಯೇ?

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ನೋಡಿ. 2015ರಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡಿತು. 2017ರಲ್ಲಿ ಮತ್ತೆ, 2018ರಲ್ಲಿ ಮತ್ತೆ. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಮಲಿನಗೊಳಿಸಿದವರೇ ಬೆಲೆ ತೆರಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲೇ ಎತ್ತಿಹಿಡಿದಿತ್ತು. ಆದರೆ ಸರ್ಕಾರ ತೆರುವುದು ಯಾರ ಹಣವನ್ನು? ಆ ಹೊಗೆಯನ್ನು ಉಸಿರಾಡಿದವರ ತೆರಿಗೆಯನ್ನೇ.

ಇದನ್ನು ಅನ್ಯಾಯವೆಂದು ತಳ್ಳಿಹಾಕುವುದೂ ಸುಲಭವಲ್ಲ. ಆ ಕೆರೆಯ ನೊರೆಯಲ್ಲಿ ನಮ್ಮ ಬಚ್ಚಲಿನ ನೀರಿತ್ತು, ಬಟ್ಟೆ ಒಗೆದ ಪುಡಿಯಿತ್ತು. ಕಾರ್ಖಾನೆಯೊಂದನ್ನೇ ಖಳನಾಯಕನನ್ನಾಗಿ ಮಾಡಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ತೊಳೆದ ನೀರೂ ಅಲ್ಲಿಗೇ ಹೋಗುತ್ತದೆ.

ಹಾಗಾದರೆ ಜೈಲು? 1974ರ ಜಲ ಕಾಯ್ದೆಯಲ್ಲಿ ಸೆರೆವಾಸವಿತ್ತು. ಸಂಸತ್ತು 2024ರ ತಿದ್ದುಪಡಿಯಲ್ಲಿ ಹಲವು ಉಲ್ಲಂಘನೆಗಳಿಗೆ ಸೆರೆವಾಸ ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ಇಟ್ಟಿತು. ಸಣ್ಣ ಲೋಪಕ್ಕೆ ಯಾರನ್ನೂ ಅಪರಾಧಿಯೆನ್ನಬಾರದು ಎಂಬ ವಾದದಲ್ಲಿ ಹುರುಳಿದೆ. ಆದರೆ ಅದೇ 15 ಲಕ್ಷ, ಸಣ್ಣ ಬಣ್ಣದ ಘಟಕಕ್ಕೆ ಬಾಗಿಲು ಮುಚ್ಚುವ ಮೊತ್ತ. ದೊಡ್ಡ ಕಂಪನಿಗೆ ಲೆಕ್ಕದ ಪುಸ್ತಕದ ಒಂದು ಸಾಲು. ಶುದ್ಧೀಕರಣ ಘಟಕ ನಡೆಸುವುದಕ್ಕಿಂತ ದಂಡವೇ ಅಗ್ಗವಾದರೆ, ಕಾನೂನು ತಪ್ಪನ್ನು ತಡೆಯುವುದಿಲ್ಲ, ಅದಕ್ಕೆ ದರ ನಿಗದಿ ಮಾಡುತ್ತದೆ.

ಮಾನದಂಡವೆಂದರೆ ಏನೆಂದು ಇಲ್ಲಿ ಕೇಳಿಕೊಳ್ಳಬೇಕು. ಕೆರೆ, ಹೊಳೆಗೆ ಬಿಡುವ ತ್ಯಾಜ್ಯನೀರಿನ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ನಿಯಮ. ಅಂಕಿ ನೀರಸವಾಗಿದೆ. ಅದರ ಹಿಂದಿರುವುದು ಮಾತ್ರ ಕೆಳಗಿನ ಊರಿನವರಿಗೆ ಮೇಲಿನ ಊರಿನವರು ಕೊಟ್ಟ ಮಾತು. ಬೆಳ್ಳಂದೂರಿನ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಮುಂದೆ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ಹರಿಯುತ್ತದೆ. ಅಲ್ಲಿನ ರೈತನಿಗೆ ನಮ್ಮ ಚುನಾವಣೆಯಲ್ಲಿ ಮತವಿಲ್ಲ. ನಾವು ಬೊಕ್ಕಸಕ್ಕೆ ಕಟ್ಟಿದ ದಂಡ ಅವನ ಹೊಲವನ್ನು ತಲುಪುವುದಿಲ್ಲ. ರಾಜಕಾಲುವೆಗೆ ಬಿಟ್ಟ ಕೊಳಚೆ ತಲುಪುತ್ತದೆ.

ಆದ್ದರಿಂದ ದಂಡ ಎಷ್ಟು ಎಂಬುದಕ್ಕಿಂತ, ಕಟ್ಟಿದ ಮರುದಿನ ಏನಾಯಿತು ಎಂಬುದು ಮುಖ್ಯ. ಕೊಳಚೆಯ ಕೊಳವೆ ಮುಚ್ಚಿತೇ, ಹಣ ಕೆಟ್ಟ ನೀರನ್ನು ಸರಿಪಡಿಸಲು ಹೋಯಿತೇ? ಹೌದಾದರೆ ಅದು ದಂಡ. ಕೊಳವೆ ಹಾಗೆಯೇ ಹರಿಯುತ್ತಿದ್ದರೆ, ನಾವು ಕಟ್ಟಿದ್ದು ಕೆರೆಯನ್ನು ಚರಂಡಿಯಾಗಿ ಬಳಸಿಕೊಳ್ಳುವ ಬಾಡಿಗೆ. ಆ ಬಾಡಿಗೆ ಪಡೆಯುವ ಹಕ್ಕು ಯಾರಿಗೂ ಇಲ್ಲ.